ಎರಡನೇ ಪ್ರತಿಯ ಪಾಸ್‌ವರ್ಡ್

ಒಂದೇ ಮನೆಯ ಎರಡು ಕಂಪ್ಯೂಟರ್‌ಗಳು. ಎರಡಕ್ಕೂ ಒಂದೇ ವೈಫೈ, ಒಬ್ಬರೇ ಯಜಮಾನರು. ಒಂದರಲ್ಲಿರುವ ಮದುವೆಯ ಫೋಟೊ, ಮಕ್ಕಳ ಅಂಕಪಟ್ಟಿ, ಪಹಣಿಯ ಸ್ಕ್ಯಾನ್ ಪ್ರತಿಗಳನ್ನು ಇನ್ನೊಂದಕ್ಕೆ ಬ್ಯಾಕಪ್ ಮಾಡಲು ಹೊರಟರೆ ಪರದೆಯ ಮೇಲೆ ಒಂದು ಚೌಕ ಮೂಡುತ್ತದೆ: ಯೂಸರ್‌ನೇಮ್ ಯಾವುದು, ಪಾಸ್‌ವರ್ಡ್ ಏನು? ದಿನಾ ಬೆಳಿಗ್ಗೆ ಒತ್ತುವ ನಾಲ್ಕಂಕಿಯ ಪಿನ್ ಹಾಕಿದರೆ ಚೌಕ ಒಪ್ಪುವುದಿಲ್ಲ. ಪಾಸ್‌ವರ್ಡೇ ಇಟ್ಟಿಲ್ಲದ ಕಂಪ್ಯೂಟರ್ ಎಂದು ಖಾಲಿ ಬಿಟ್ಟು ಒತ್ತಿದರೂ ಒಪ್ಪುವುದಿಲ್ಲ. ಎಷ್ಟೋ ಮನೆಗಳಲ್ಲಿ ಬ್ಯಾಕಪ್ ಎಂಬ ಒಳ್ಳೆಯ ಸಂಕಲ್ಪ ಈ ಚೌಕದ ಮುಂದೆಯೇ ನಿಂತುಹೋಗುತ್ತದೆ. ಸಿಟ್ಟು ಬರುವುದು ಸಹಜ. ಆದರೆ ಆ ಚೌಕದ ಒಂದೊಂದು ಹಟದ ಹಿಂದೆಯೂ ಹಿಂದೆಂದೋ ನಡೆದ ಒಂದು ಎಡವಟ್ಟಿದೆ. ಆ ಎಡವಟ್ಟುಗಳ ಸಾಲಿಗೆ ಅರವತ್ತು ವರ್ಷಕ್ಕೂ ಮೀರಿದ ವಯಸ್ಸಾಗಿದೆ.

ಶುರುವಾದದ್ದು ಅಮೆರಿಕದ ಎಂಐಟಿಯಲ್ಲಿ. 1961ರ ನವೆಂಬರ್‌ನಲ್ಲಿ ಫರ್ನಾಂಡೊ ಕೊರ್ಬಾಟೊ ಮತ್ತು ಸಂಗಡಿಗರು ಅಲ್ಲಿ ಸಿಟಿಎಸ್‌ಎಸ್ ಎಂಬ ವ್ಯವಸ್ಥೆಯನ್ನು ಮೊದಲ ಬಾರಿಗೆ ತೋರಿಸಿದರು. ಅಲ್ಲಿಯ ತನಕ ದೊಡ್ಡ ಕಂಪ್ಯೂಟರ್ ಎಂದರೆ ಒಂದು ಹೊತ್ತಿಗೆ ಒಬ್ಬರ ಕೆಲಸ. ರಂಧ್ರ ಕೊರೆದ ಕಾರ್ಡುಗಳ ಕಟ್ಟು ಕೊಟ್ಟು, ಉತ್ತರಕ್ಕಾಗಿ ಗಂಟೆಗಟ್ಟಲೆ ಕಾಯಬೇಕಿತ್ತು. ಸಿಟಿಎಸ್‌ಎಸ್ ಬಂದ ಮೇಲೆ ಹಲವರು ಬೇರೆ ಬೇರೆ ಟೈಪ್‌ರೈಟರ್‌ಗಳ ಮುಂದೆ ಕೂತು ಒಂದೇ ಯಂತ್ರವನ್ನು ಏಕಕಾಲಕ್ಕೆ ಬಳಸುವುದು ಸಾಧ್ಯವಾಯಿತು. ಜೊತೆಗೇ ಹೊಸದೊಂದು ತೊಡಕೂ ಬಂತು. ಎಲ್ಲರ ಫೈಲುಗಳೂ ಒಂದೇ ಯಂತ್ರದಲ್ಲಿ. ಯಾರದ್ದು ಯಾರಿಗೆ ಸೇರಬೇಕು? ಒಬ್ಬೊಬ್ಬರಿಗೂ ಒಂದು ಗುಟ್ಟಿನ ಪದ ಕೊಟ್ಟರಾಯಿತು ಎಂದು ಕೊರ್ಬಾಟೊ ತಂಡ ತೀರ್ಮಾನಿಸಿತು. ಅದನ್ನು ಟೈಪ್ ಮಾಡುವಾಗ ಕಾಗದದ ಮೇಲೆ ಅಕ್ಷರ ಮೂಡದಂತೆ ನೋಡಿಕೊಂಡರು. ಇಂದಿನ ಪರದೆಯಲ್ಲಿ ಪಾಸ್‌ವರ್ಡ್ ಬದಲು ಕಪ್ಪು ಚುಕ್ಕೆಗಳು ಕಾಣುವುದು ಆ ಅಭ್ಯಾಸದ ಮುಂದುವರಿಕೆ.

ಈ ಏರ್ಪಾಡು ಒಂದು ವರ್ಷವೂ ಭದ್ರವಾಗಿ ಉಳಿಯಲಿಲ್ಲ. ಅಲನ್ ಶೆರ್ ಎಂಬ ಸಂಶೋಧನಾ ವಿದ್ಯಾರ್ಥಿಗೆ 1962ರಲ್ಲಿ ವಾರಕ್ಕೆ ನಾಲ್ಕು ಗಂಟೆಯ ಕಂಪ್ಯೂಟರ್ ಸಮಯ ಮಂಜೂರಾಗಿತ್ತು. ಅವರ ಲೆಕ್ಕಾಚಾರಗಳಿಗೆ ಅದು ಸಾಲದು. ಖಾತೆ ಸಂಖ್ಯೆ ಮತ್ತು ಫೈಲಿನ ಹೆಸರನ್ನು ಕಾರ್ಡಿನ ಮೇಲೆ ಕೊರೆದು ಕೊಟ್ಟರೆ ಯಾವ ಫೈಲನ್ನಾದರೂ ಮುದ್ರಿಸಿ ಕೊಡುವ ಸೌಲಭ್ಯ ಅಲ್ಲಿತ್ತು. ಒಂದು ಶುಕ್ರವಾರ ತಡರಾತ್ರಿ ಶೆರ್ ಪಾಸ್‌ವರ್ಡ್‌ಗಳ ಫೈಲನ್ನೇ ಮುದ್ರಿಸುವಂತೆ ಕೋರಿಕೆ ಇಟ್ಟರು. ಶನಿವಾರ ನಸುಕಿನಲ್ಲೇ ಹೋಗಿ ಎಲ್ಲರ ಪಾಸ್‌ವರ್ಡ್‌ಗಳ ಪಟ್ಟಿಯನ್ನು ಎತ್ತಿಕೊಂಡು ಬಂದರು. ಎಷ್ಟೋ ವರ್ಷಗಳ ಬಳಿಕ ಇದನ್ನು ಅವರೇ ಹೇಳಿಕೊಂಡಿದ್ದಾರೆ. ಕಂಪ್ಯೂಟರ್ ಪಾಸ್‌ವರ್ಡ್ ಕಳವಿನ ದಾಖಲಾದ ಮೊದಲ ಪ್ರಕರಣಗಳಲ್ಲಿ ಇದೊಂದು. ಕದ್ದವರು ಹೊರಗಿನವರಲ್ಲ, ಒಳಗೇ ಖಾತೆ ಇದ್ದ ವಿದ್ಯಾರ್ಥಿ ಎಂಬುದನ್ನು ಮರೆಯಬಾರದು.

ಕೆಲವು ವರ್ಷಗಳಲ್ಲೇ ಕಳ್ಳನ ಅಗತ್ಯವೂ ಬೀಳಲಿಲ್ಲ. ಸಿಟಿಎಸ್‌ಎಸ್‌ನ ಪಠ್ಯ ತಿದ್ದುವ ತಂತ್ರಾಂಶ ಕೆಲಸದ ನಡುವೆ ಬಳಸುವ ತಾತ್ಕಾಲಿಕ ಫೈಲಿಗೆ ಸದಾ ಒಂದೇ ಹೆಸರು ಕೊಡುತ್ತಿತ್ತು. ಒಮ್ಮೆ ಇಬ್ಬರು ನಿರ್ವಾಹಕರು ಏಕಕಾಲಕ್ಕೆ ಕೂತರು. ಒಬ್ಬರು ಬಳಕೆದಾರರಿಗೆ ಅಂದಿನ ಸೂಚನೆ ಬರೆಯುತ್ತಿದ್ದರು, ಇನ್ನೊಬ್ಬರು ಪಾಸ್‌ವರ್ಡ್ ಪಟ್ಟಿ ತಿದ್ದುತ್ತಿದ್ದರು. ಎರಡೂ ಅದಲುಬದಲಾದವು. ಆಮೇಲೆ ಲಾಗಿನ್ ಆದವರಿಗೆಲ್ಲ ಸ್ವಾಗತದ ಸೂಚನೆಯ ಜಾಗದಲ್ಲಿ ಎಲ್ಲರ ಪಾಸ್‌ವರ್ಡ್‌ಗಳೂ ಮುದ್ರಣವಾಗಿ ಬಂದವು. 1990ರ ಟ್ಯೂರಿಂಗ್ ಪ್ರಶಸ್ತಿ ಸ್ವೀಕರಿಸಿ ಮಾಡಿದ ಉಪನ್ಯಾಸದಲ್ಲಿ ಕೊರ್ಬಾಟೊ ಈ ಪ್ರಸಂಗವನ್ನು ವಿವರವಾಗಿ ಹೇಳಿದರು. ತಾವೇ ಕಟ್ಟಿದ್ದರ ಸೋಲನ್ನು ಅಂಥ ವೇದಿಕೆಯಲ್ಲಿ ಪಾಠವಾಗಿ ಇಟ್ಟ ಆ ದೊಡ್ಡತನಕ್ಕೆ ತಲೆಬಾಗಬೇಕು.

ಬ್ಯಾಕಪ್‌ನ ಕತೆಯೂ ಇದೇ ಅಂಗಳದಲ್ಲಿ ಹುಟ್ಟಿತು. ಸಿಟಿಎಸ್‌ಎಸ್ ನಂತರದ ಮಲ್ಟಿಕ್ಸ್ ವ್ಯವಸ್ಥೆಗಾಗಿ ರಾಬರ್ಟ್ ಡೇಲಿ ಮತ್ತು ಪೀಟರ್ ನ್ಯೂಮನ್ 1965ರಲ್ಲಿ ಒಂದು ಪ್ರಬಂಧ ಮಂಡಿಸಿದರು. ಫೋಲ್ಡರಿನೊಳಗೆ ಫೋಲ್ಡರ್ ಎಂದು ಮರದ ಕೊಂಬೆಗಳ ಹಾಗೆ ಫೈಲುಗಳನ್ನು ಜೋಡಿಸುವ ಕ್ರಮ ಅದರಲ್ಲಿತ್ತು. ಯಾವ ಫೈಲನ್ನು ಯಾರು ಓದಬಹುದು, ಯಾರು ಬರೆಯಬಹುದು ಎಂಬ ಪಟ್ಟಿಯೂ ಇತ್ತು. ಹೊಸದಾಗಿ ಬದಲಾದ ಫೈಲುಗಳನ್ನು ಮಾತ್ರ ಆಗಾಗ ಟೇಪಿಗೆ ನಕಲು ಮಾಡುವ ಬ್ಯಾಕಪ್ ಕ್ರಮವೂ ಇತ್ತು. ಯಾರಿಗೆ ಪ್ರವೇಶ ಎಂಬ ಪ್ರಶ್ನೆ, ಕಳೆದುಹೋದರೆ ಏನು ಎಂಬ ಪ್ರಶ್ನೆ ಎರಡನ್ನೂ ಒಂದೇ ಪ್ರಬಂಧ ಒಟ್ಟಿಗೆ ಯೋಚಿಸಿತ್ತು. ಮುಂದೆ ಮನೆಯ ಕಂಪ್ಯೂಟರ್ ಬಂದಾಗ ಈ ಎರಡು ಯೋಚನೆಗಳು ಬೇರೆ ಬೇರೆ ದಾರಿ ಹಿಡಿದವು. ಆಮೇಲಿನ ಹೆಚ್ಚಿನ ಅನಾಹುತಗಳು ಆ ಅಗಲಿಕೆಯಿಂದಲೇ ಬಂದವು ಎನ್ನಲು ಬೇಕಾದಷ್ಟು ಪುರಾವೆಯಿದೆ.

ಪಾಸ್‌ವರ್ಡ್‌ಗಳನ್ನು ಇದ್ದ ಹಾಗೇ ಬರೆದಿಡುವ ಪದ್ಧತಿಗೆ ಮದ್ದು ಸಿಕ್ಕಿದ್ದು ಇಂಗ್ಲೆಂಡಿನ ಕೇಂಬ್ರಿಡ್ಜ್‌ನಲ್ಲಿ. ರೋಜರ್ ನೀಡಮ್ ಮತ್ತು ಮೈಕ್ ಗೈ ಅಲ್ಲಿನ ಟೈಟನ್ ಕಂಪ್ಯೂಟರಿಗೆ ಒಂದು ಉಪಾಯ ಹೂಡಿದರು. ಪಾಸ್‌ವರ್ಡನ್ನು ಹಿಂದಕ್ಕೆ ತಿರುಗಿಸಲಾಗದ ಒಂದು ಲೆಕ್ಕಕ್ಕೆ ಒಳಪಡಿಸಿ, ಅದರ ಫಲಿತಾಂಶವನ್ನು ಮಾತ್ರ ಇಟ್ಟುಕೊಳ್ಳುವುದು. ಬಂದವರು ಹೇಳಿದ ಪದವನ್ನು ಮತ್ತೆ ಅದೇ ಲೆಕ್ಕಕ್ಕೆ ಹಾಕಿ ಹೋಲಿಸಿ ನೋಡಿದರಾಯಿತು. ಪಟ್ಟಿ ಕಳುವಾದರೂ ಪದ ಸಿಗುವುದಿಲ್ಲ. ಅಲ್ಲಿನವರೇ ಆದ ಮಾರಿಸ್ ವಿಲ್ಕ್ಸ್ ತಮ್ಮ 1968ರ ಪುಸ್ತಕದಲ್ಲಿ ಇದನ್ನು ಜಗತ್ತಿಗೆ ತಿಳಿಸಿದರು.

ಬೆಲ್ ಲ್ಯಾಬ್ಸ್‌ನ ಯುನಿಕ್ಸ್ ಎಂಬ ವ್ಯವಸ್ಥೆ ಈ ಉಪಾಯವನ್ನು ಎತ್ತಿಕೊಂಡಿತು. ಅಲ್ಲಿನ ರಾಬರ್ಟ್ ಮಾರಿಸ್ ಮತ್ತು ಕೆನ್ ಥಾಂಪ್ಸನ್ ಜನ ನಿಜವಾಗಿ ಎಂಥ ಪಾಸ್‌ವರ್ಡ್ ಇಡುತ್ತಾರೆಂದು ಪರೀಕ್ಷಿಸಲು 3,289 ಪಾಸ್‌ವರ್ಡ್‌ಗಳನ್ನು ಕಲೆಹಾಕಿದರು. 15 ಮಂದಿ ಒಂದೇ ಅಕ್ಷರ ಇಟ್ಟಿದ್ದರು. 72 ಮಂದಿಯದು ಎರಡು, 464 ಮಂದಿಯದು ಮೂರು ಅಕ್ಷರ. ನಿಘಂಟು, ಹೆಸರಿನ ಪಟ್ಟಿಗಳಲ್ಲಿ ಸಿಗುವ ಪದಗಳೂ ಸೇರಿ ಒಟ್ಟು ಶೇ 86ರಷ್ಟು ಪಾಸ್‌ವರ್ಡ್‌ಗಳು ಸುಲಭದ ತುತ್ತು. ಇದರ ಮುಂದೆ ಎರಡು ತಡೆ ಹಾಕಿದರು. ಲೆಕ್ಕವನ್ನು ಒಮ್ಮೆಗೆ ಮುಗಿಸದೆ 25 ಸಲ ಸುತ್ತಿಸಿ ನಿಧಾನ ಮಾಡಿದರು. ಪ್ರತಿ ಪಾಸ್‌ವರ್ಡಿಗೂ 4,096 ಬಗೆಗಳಲ್ಲಿ ಯಾವುದೋ ಒಂದನ್ನು ಬೆರೆಸಿದರು. ಹಾಗಾಗಿ ಇಬ್ಬರ ಪದ ಒಂದೇ ಆಗಿದ್ದರೂ ಸಾಮಾನ್ಯವಾಗಿ ಪಟ್ಟಿಯಲ್ಲಿ ಅದು ಬೇರೆ ಬೇರೆಯಾಗಿ ಕಾಣುತ್ತಿತ್ತು. 1979ರ ನವೆಂಬರ್‌ನಲ್ಲಿ ಪ್ರಕಟವಾದ ಅವರ ಲೇಖನ ಕೆಲವೇ ಪುಟಗಳದ್ದು. ಇಂದಿಗೂ ಪಾಸ್‌ವರ್ಡ್ ಕಾಯುವ ಎಲ್ಲ ಕ್ರಮಗಳ ಬೇರು ಅಲ್ಲಿದೆ.

ಒಂಬತ್ತು ವರ್ಷದ ನಂತರ, 1988ರ ನವೆಂಬರ್ 2ರಂದು, ಇಂಟರ್ನೆಟ್ಟಿನ ಮೇಲೆ ತನ್ನಷ್ಟಕ್ಕೆ ಹರಡುವ ಒಂದು ಪ್ರೋಗ್ರಾಂ ಸಡಿಲವಾಯಿತು. ಅದರೊಳಗೆ 432 ಪದಗಳ ಪಟ್ಟಿಯಿತ್ತು. ಸಿಕ್ಕ ಯಂತ್ರದಲ್ಲಿ ಆ ಪದಗಳನ್ನೆಲ್ಲ ಪಾಸ್‌ವರ್ಡಾಗಿ ಪ್ರಯತ್ನಿಸುತ್ತಿತ್ತು. ಒಂದು ಖಾತೆ ತೆರೆದರೆ ಸಾಕು, ಆ ಖಾತೆಯನ್ನು ನಂಬುವ ಬೇರೆ ಯಂತ್ರಗಳಿಗೆ ಪಾಸ್‌ವರ್ಡೇ ಇಲ್ಲದೆ ದಾಟಿಹೋಗುತ್ತಿತ್ತು. ಸುಮಾರು ಆರು ಸಾವಿರ ಯಂತ್ರಗಳು ಸೋಂಕಿಗೆ ಸಿಕ್ಕವೆಂಬ ಅಂದಾಜು ಪ್ರಚಲಿತವಾಯಿತು. ಬರೆದವನು ರಾಬರ್ಟ್ ಟಪ್ಪನ್ ಮಾರಿಸ್ ಎಂಬ ವಿದ್ಯಾರ್ಥಿ, 1979ರ ಲೇಖನದ ಮಾರಿಸ್ ಅವರ ಮಗ. ತಂದೆ ಎಚ್ಚರಿಸಿದ್ದ ದೌರ್ಬಲ್ಯವೇ ಮಗನ ಪ್ರೋಗ್ರಾಮಿಗೆ ದಾರಿಯಾಯಿತು.

ಯಂತ್ರ ಯಂತ್ರವನ್ನು ನಂಬುವ ಈ ಪದ್ಧತಿಯನ್ನು ಸ್ವಲ್ಪ ಬಿಡಿಸಿ ನೋಡಬೇಕು. ಜಾಲದ ಮೂಲಕ ಬ್ಯಾಕಪ್ ಮಾಡುವವರ ಮೂಲ ಕಷ್ಟ ಅಲ್ಲಿದೆ. ಬ್ಯಾಕಪ್ ನಡೆಯಬೇಕಾದದ್ದು ರಾತ್ರಿ, ಯಾರೂ ಕೂತಿರದ ಹೊತ್ತಿನಲ್ಲಿ. ಆಗ ಪಾಸ್‌ವರ್ಡ್ ಟೈಪ್ ಮಾಡುವವರು ಯಾರು? 1980ರ ದಶಕದ ಯುನಿಕ್ಸ್ ಲೋಕ ‘ಆ ಯಂತ್ರದಿಂದ ಬಂದರೆ ಕೇಳದೆ ಬಿಡು’ ಎಂದು ಬರೆದಿಟ್ಟು ಕೈತೊಳೆದುಕೊಂಡಿತು. ಕೇಳುವ ಕಡೆಯಲ್ಲೂ ಪಾಸ್‌ವರ್ಡ್ ತಂತಿಯ ಮೇಲೆ ಬೆತ್ತಲೆಯಾಗಿಯೇ ಹೋಗುತ್ತಿತ್ತು. ಹೆಲ್ಸಿಂಕಿಯ ತಾಂತ್ರಿಕ ವಿಶ್ವವಿದ್ಯಾಲಯದ ಜಾಲದಲ್ಲಿ ಯಾರೋ ಹಾಗೆ ಹರಿದುಹೋಗುವ ಪಾಸ್‌ವರ್ಡ್‌ಗಳನ್ನು ಸಾವಿರಗಟ್ಟಲೆ ಹೆಕ್ಕಿದ ಮೇಲೆ, ಅಲ್ಲಿನ ತಾತು ಯ್ಲೋನೆನ್ 1995ರಲ್ಲಿ ಎಸ್‌ಎಸ್‌ಎಚ್ ಎಂಬ ತಂತ್ರಾಂಶ ಬರೆದರು. ಪಾಸ್‌ವರ್ಡಿನ ಬದಲು ಒಂದು ಜೋಡಿ ಡಿಜಿಟಲ್ ಕೀಲಿ ಬಳಸುವ ಅವಕಾಶ ಅದರಲ್ಲಿತ್ತು. ಈ ಕೀಲಿ ಹಿಡಿದು ಬಂದವರು ಇಂಥ ಒಂದೇ ಕೆಲಸ ಮಾಡಬಹುದು, ಬೇರೇನೂ ಕೂಡದು ಎಂದು ಕಟ್ಟುಹಾಕಲೂ ಬರುತ್ತದೆ. ಮರುವರ್ಷ ಆಸ್ಟ್ರೇಲಿಯಾದ ಆಂಡ್ರ್ಯೂ ಟ್ರಿಜೆಲ್ ಮತ್ತು ಪಾಲ್ ಮ್ಯಾಕೆರಸ್ ಬದಲಾದ ಭಾಗವನ್ನಷ್ಟೇ ಸಾಗಿಸುವ ಆರ್‌ಸಿಂಕ್ ಕೊಟ್ಟರು. ಈ ಎರಡೂ ಸೇರಿ, ತಿಳಿದವರ ಮಟ್ಟಿಗೆ, ರಾತ್ರಿಯ ಬ್ಯಾಕಪ್ ಸಮಸ್ಯೆ ಬಗೆಹರಿದಂತಾಯಿತು.

ಮನೆಗಳಿಗೆ ಬಂದದ್ದು ಮಾತ್ರ ಬೇರೆ ಸಂಪ್ರದಾಯ. 1980ರ ದಶಕದಲ್ಲಿ ಐಬಿಎಂನ ಬ್ಯಾರಿ ಫೈಗೆನ್‌ಬಾಮ್ ರೂಪಿಸಿದ ಎಸ್‌ಎಂಬಿ ಎಂಬ ಕ್ರಮವನ್ನು ಮೈಕ್ರೋಸಾಫ್ಟ್ ತನ್ನದಾಗಿಸಿಕೊಂಡಿತು. ವಿಂಡೋಸ್ ಕಂಪ್ಯೂಟರ್‌ಗಳು ಇಂದಿಗೂ ಫೋಲ್ಡರ್ ಹಂಚಿಕೊಳ್ಳುವುದು ಅದರ ಮೂಲಕವೇ. ಅದರ ಜೊತೆ ಬಂದ ಲ್ಯಾನ್ ಮ್ಯಾನೇಜರ್ ಪಾಸ್‌ವರ್ಡ್ ಕ್ರಮ, ಯುನಿಕ್ಸ್ ಕಲಿತಿದ್ದ ಪಾಠಗಳಿಗೆ ಕಿವಿಗೊಡಲಿಲ್ಲ. ಅದು ಸಣ್ಣಕ್ಷರಗಳನ್ನೆಲ್ಲ ದೊಡ್ಡಕ್ಷರ ಮಾಡುತ್ತಿತ್ತು. ಹದಿನಾಲ್ಕು ಅಕ್ಷರಗಳನ್ನು ಏಳೇಳರ ಎರಡು ತುಂಡಾಗಿ ಒಡೆದು ಬೇರೆ ಬೇರೆ ಲೆಕ್ಕ ಹಾಕುತ್ತಿತ್ತು. ಎಷ್ಟೇ ಉದ್ದದ ಪದ ಇಟ್ಟರೂ ಮುರಿಯುವವರ ಎದುರಿಗಿದ್ದದ್ದು ಏಳಕ್ಷರದ ಎರಡು ತುಂಡುಗಳು ಮಾತ್ರ.

ವಿಂಡೋಸ್ 95 ಮನೆಮಾತಾದ ಕಾಲ ಅನೇಕರಿಗೆ ನೆನಪಿರಬಹುದು. ಕಂಪ್ಯೂಟರ್ ಶುರುವಾದಾಗ ಹೆಸರು, ಪಾಸ್‌ವರ್ಡ್ ಕೇಳುವ ಚೌಕ ಬರುತ್ತಿತ್ತು. ‘ಕ್ಯಾನ್ಸಲ್’ ಒತ್ತಿದರೆ ನೇರ ಒಳಕ್ಕೆ. ಆ ಚೌಕ ಯಂತ್ರದ ಕಾವಲಿಗೆ ಇದ್ದದ್ದೇ ಅಲ್ಲ. ಜಾಲದಲ್ಲಿ ಬೇಕಾಗುವ ಪಾಸ್‌ವರ್ಡ್‌ಗಳನ್ನು ನೆನಪಿಟ್ಟುಕೊಳ್ಳಲು ಅದು ಕೇಳುತ್ತಿತ್ತು. ಇನ್ನೊಂದು ಕಂಪ್ಯೂಟರಿಗೆ ಹಂಚಿದ ಫೋಲ್ಡರಿಗೆ ಅದರದ್ದೇ ಒಂದು ಪಾಸ್‌ವರ್ಡ್ ಇಡಬಹುದಿತ್ತು. ಅದರೊಳಗಿನ ದೋಷ ಹೊರಬಿದ್ದದ್ದು 2000ದ ಅಕ್ಟೋಬರ್‌ನಲ್ಲಿ. ಬಂದ ಪಾಸ್‌ವರ್ಡಿನಲ್ಲಿ ಎಷ್ಟು ಅಕ್ಷರಗಳಿವೆಯೋ ಅಷ್ಟನ್ನು ಮಾತ್ರ ವಿಂಡೋಸ್ 95, 98 ಮತ್ತು ಎಂಇ ಹೋಲಿಸಿ ನೋಡುತ್ತಿದ್ದವು. ಒಂದೇ ಅಕ್ಷರ ಕಳಿಸಿದರೆ ಒಂದೇ ಅಕ್ಷರದ ಪರೀಕ್ಷೆ. ‘ಕೆ’ಯಿಂದ ಶುರುವಾಗುವ ಹನ್ನೆರಡು ಅಕ್ಷರದ ಪಾಸ್‌ವರ್ಡನ್ನು ಬರೀ ‘ಕೆ’ ತೆರೆಯುತ್ತಿತ್ತು. ತುದಿಯಿಂದ ಒಂದೊಂದೇ ಅಕ್ಷರ ಒತ್ತುತ್ತಾ ಹೋದರೆ ಕೆಲವು ಕ್ಷಣಗಳ ಕೆಲಸ. ಮೈಕ್ರೋಸಾಫ್ಟ್ ತಿದ್ದುಪಡಿ ಬಿಡುಗಡೆ ಮಾಡಿತು.

2001ರ ವಿಂಡೋಸ್ ಎಕ್ಸ್‌ಪಿ ಇದಕ್ಕೆ ಎದುರು ದಿಕ್ಕಿಗೆ ತಿರುಗಿತು. ಪಾಸ್‌ವರ್ಡ್ ಇಲ್ಲದ ಖಾತೆಯನ್ನು ಯಂತ್ರದ ಮುಂದೆ ಕೂತವರು ಮಾತ್ರ ಬಳಸಬಹುದು, ಜಾಲದ ಮೂಲಕ ಬಳಸುವಂತಿಲ್ಲ ಎಂಬ ನಿಯಮ ಬಂದದ್ದು ಆಗ. ಖಾಲಿ ಬಿಟ್ಟು ಒತ್ತಿದವರನ್ನು ಚೌಕ ಇಂದಿಗೂ ಹಿಂದಕ್ಕೆ ಕಳಿಸುವುದು ಆ ನಿಯಮದಿಂದ. ಪಿನ್‌ನ ಕಾರಣವೂ ಇದೇ ಬಗೆಯದು. ವಿಂಡೋಸ್ 10ರ ಜೊತೆ ಜನಪ್ರಿಯವಾದ ಪಿನ್ ಆಯಾ ಯಂತ್ರಕ್ಕೆ ಕಟ್ಟುಬಿದ್ದದ್ದು, ಜಾಲದಾಚೆಯ ಯಂತ್ರಕ್ಕೆ ಅದರ ಗುರುತೇ ಇಲ್ಲ. ಅಲ್ಲಿ ಬೇಕಾದದ್ದು ಆ ಇನ್ನೊಂದು ಯಂತ್ರದಲ್ಲಿರುವ ಖಾತೆಯ ಹೆಸರು, ಅದರ ಪೂರ್ತಿ ಪಾಸ್‌ವರ್ಡ್. ಇಷ್ಟನ್ನು ಚೌಕದ ಮೇಲೆ ಒಂದು ಸಾಲಿನಲ್ಲಿ ಬರೆದಿದ್ದರೆ ಲಕ್ಷಾಂತರ ಜನರ ಸಂಜೆಗಳು ಉಳಿಯುತ್ತಿದ್ದವು.

ಮನೆಯ ಬ್ಯಾಕಪ್ಪನ್ನು ಕಂಪನಿಗಳು ಗಂಭೀರವಾಗಿ ಕೈಗೆತ್ತಿಕೊಂಡದ್ದು 2007ರಲ್ಲಿ. ಆ ಅಕ್ಟೋಬರ್‌ನಲ್ಲಿ ಆಪಲ್‌ನ ಟೈಮ್ ಮಷೀನ್ ಬಂತು. ಅದೇ ವರ್ಷ ಮೈಕ್ರೋಸಾಫ್ಟ್‌ನ ವಿಂಡೋಸ್ ಹೋಮ್ ಸರ್ವರ್ ಹತ್ತು ಕಂಪ್ಯೂಟರ್‌ಗಳ ತನಕ ದಿನಾ ಬ್ಯಾಕಪ್ ಮಾಡಿಕೊಳ್ಳುವ ಪೆಟ್ಟಿಗೆಯಾಗಿ ಮಾರುಕಟ್ಟೆಗೆ ಇಳಿಯಿತು. 2009ರ ವಿಂಡೋಸ್ 7ರಲ್ಲಿದ್ದ ಬ್ಯಾಕಪ್ ಸಾಧನ ಜಾಲದ ಜಾಗ ಆರಿಸಿದರೆ ಪ್ರತ್ಯೇಕವಾಗಿ ಹೆಸರು, ಪಾಸ್‌ವರ್ಡ್ ಪಡೆದು ಇಟ್ಟುಕೊಳ್ಳುತ್ತಿತ್ತು. ಆದರೆ ಮನೆಗಳಲ್ಲಿ ಹೆಚ್ಚು ಬಳಕೆಯಲ್ಲಿದ್ದ ಹೋಮ್ ಪ್ರೀಮಿಯಂ ಆವೃತ್ತಿಗೆ ಆ ಸೌಲಭ್ಯವನ್ನೇ ಕೊಡಲಿಲ್ಲ. ಮನೆಯವರಿಗೆ ಸಿಕ್ಕಿದ್ದು ಹೋಮ್‌ಗ್ರೂಪ್. ಖಾತೆಗಳ ರಗಳೆ ಬೇಡ, ಇಡೀ ಮನೆಗೆ ಒಂದೇ ಪಾಸ್‌ವರ್ಡ್ ಸಾಕು ಎಂಬುದು ಅದರ ತತ್ವ. ಅದನ್ನು ಕಂಪ್ಯೂಟರೇ ಹೊಂದಿಸಿ ಕೊಡುತ್ತಿತ್ತು, ಮುದ್ರಿಸಿ ಇಟ್ಟುಕೊಳ್ಳಿ ಎಂದೂ ಹೇಳುತ್ತಿತ್ತು. ಮನೆಮಂದಿಗೆ ಅರ್ಥವಾಗುವ ಹಾಗೆ ಈ ಸಮಸ್ಯೆಯನ್ನು ಬಿಡಿಸಲು ನಡೆದ ಪ್ರಾಮಾಣಿಕ ಪ್ರಯತ್ನ ಅದು. 2018ರಲ್ಲಿ ಅದನ್ನು ವಿಂಡೋಸ್ 10ರಿಂದ ಕಿತ್ತುಹಾಕಿದರು.

ಆದರೆ ಅಷ್ಟರಲ್ಲಿ ಶತ್ರುವಿನ ಬಗೆಯೇ ಬದಲಾಗಿತ್ತು. 2013ರ ಸೆಪ್ಟೆಂಬರ್‌ನಲ್ಲಿ ಕಾಣಿಸಿಕೊಂಡ ಕ್ರಿಪ್ಟೊಲಾಕರ್ ಎಂಬ ಸುಲಿಗೆ ತಂತ್ರಾಂಶ ಫೈಲುಗಳನ್ನು ಕದಿಯುತ್ತಿರಲಿಲ್ಲ, ಗೂಢಲಿಪಿಗೆ ತಿರುಗಿಸಿ ಬಿಡುಗಡೆಗೆ ಹಣ ಕೇಳುತ್ತಿತ್ತು. ಆ ಕಂಪ್ಯೂಟರಿನ ಹಾರ್ಡ್ ಡಿಸ್ಕ್ ಮುಗಿದ ಮೇಲೆ, ಡ್ರೈವ್ ಅಕ್ಷರ ಕೊಟ್ಟು ಜೋಡಿಸಿದ್ದ ಜಾಲದ ಫೋಲ್ಡರುಗಳಿಗೂ ಕೈಹಾಕುತ್ತಿತ್ತು. ಅದು ಯಾವ ಪಾಸ್‌ವರ್ಡನ್ನೂ ಮುರಿಯಬೇಕಿರಲಿಲ್ಲ. ‘ನೆನಪಿಟ್ಟುಕೋ’ ಎಂದು ಗುರುತು ಹಾಕಿದ್ದ ಯಜಮಾನರ ಪಾಸ್‌ವರ್ಡ್ ಹಿಡಿದು ಕಂಪ್ಯೂಟರ್ ಮೊದಲೇ ಆ ಫೋಲ್ಡರನ್ನು ತೆರೆದಿಟ್ಟಿರುತ್ತಿತ್ತು. ಬೀರುವಿಗೆ ಬೀಗ ಹಾಕಿ ಕೀಲಿಕೈಯನ್ನು ಅದರಲ್ಲೇ ಸಿಕ್ಕಿಸಿಟ್ಟ ಹಾಗೆ. ಬ್ಯಾಕಪ್ ಶ್ರದ್ಧೆಯಿಂದ ಮಾಡಿದವರೂ ಮೂಲ, ನಕಲು ಎರಡನ್ನೂ ಒಟ್ಟಿಗೆ ಕಳೆದುಕೊಂಡರು. 2017ರ ಮೇ 12ರಂದು ಹಬ್ಬಿದ ವಾನಾಕ್ರೈ ಎಸ್‌ಎಂಬಿಯ ಹಳೆಯ ಆವೃತ್ತಿಯ ಬಿರುಕನ್ನೇ ಬಳಸಿಕೊಂಡು ಸುಮಾರು 150 ದೇಶಗಳಿಗೆ ಹರಡಿತು. ಆ ವರ್ಷದ ಕೊನೆಯ ಹೊತ್ತಿಗೆ ಹೊಸದಾಗಿ ಹಾಕಿಕೊಂಡ ವಿಂಡೋಸ್ 10ರಲ್ಲಿ ಹಳೆಯ ಎಸ್‌ಎಂಬಿಯ ಸರ್ವರ್ ಭಾಗ ಇರುತ್ತಿರಲಿಲ್ಲ. ಗುರುತಿಲ್ಲದ ‘ಅತಿಥಿ’ಗಳಿಗೆ ಬಾಗಿಲು ಮುಚ್ಚುವ ಕ್ರಮ ಸಂಸ್ಥೆಗಳ ಆವೃತ್ತಿಗಳಿಂದ ಆರಂಭವಾಗಿ, 2024ರಲ್ಲಿ ವಿಂಡೋಸ್ 11ರ ಪ್ರೊ ಆವೃತ್ತಿಯ ತನಕ ಬಂತು. ‘ನಿನ್ನೆಯ ತನಕ ತೆರೆಯುತ್ತಿದ್ದ ಫೋಲ್ಡರ್ ಇವತ್ತು ಪಾಸ್‌ವರ್ಡ್ ಕೇಳುತ್ತಿದೆ’ ಎಂಬ ದೂರುಗಳಲ್ಲಿ ಬಹಳಷ್ಟಕ್ಕೆ ಇದೇ ಮೂಲ.

2021 ಈ ಚರಿತ್ರೆಯಲ್ಲಿ ಕರಾಳ ವರ್ಷ. ಏಪ್ರಿಲ್‌ನಲ್ಲಿ ಕ್ಯುಲಾಕರ್ ಎಂಬ ಸುಲಿಗೆ ತಂತ್ರಾಂಶ ಜಾಲಕ್ಕೆ ಜೋಡಿಸಿ ಫೈಲು ಇಡುವ ಕ್ಯುನ್ಯಾಪ್ ಕಂಪನಿಯ ಸಂಗ್ರಹ ಪೆಟ್ಟಿಗೆಗಳ ಮೇಲೆ ಎರಗಿ, ಬಿಡುಗಡೆಗೆ ತಲಾ 0.01 ಬಿಟ್‌ಕಾಯಿನ್ ಕೇಳಿತು. ಒಳಹೋಗಲು ಬಳಕೆಯಾದದ್ದು ಆ ಪೆಟ್ಟಿಗೆಗಳ ಬ್ಯಾಕಪ್ ತಂತ್ರಾಂಶದಲ್ಲೇ ಇದ್ದ ಬಿರುಕು.

ಅದಾದ ಎರಡು ತಿಂಗಳಿಗೆ, ಜೂನ್ 23ರ ಸುಮಾರಿಗೆ, ವೆಸ್ಟರ್ನ್ ಡಿಜಿಟಲ್ ಕಂಪನಿಯ ‘ಮೈ ಬುಕ್ ಲೈವ್’ ಡಿಸ್ಕುಗಳು ಜಗತ್ತಿನಾದ್ಯಂತ ತಾವಾಗಿಯೇ ಖಾಲಿಯಾಗತೊಡಗಿದವು. ಮನೆಯ ರೌಟರಿಗೆ ಸಿಕ್ಕಿಸಿ ಕುಟುಂಬದ ಎಲ್ಲ ಫೈಲುಗಳನ್ನೂ ಇಡಿ ಎಂದು 2010ರಿಂದ ಮಾರಿದ ಪೆಟ್ಟಿಗೆಗಳು ಅವು. ತಂತ್ರಾಂಶದ ಪರಿಷ್ಕರಣೆ 2015ಕ್ಕೇ ನಿಂತಿತ್ತು. ವರ್ಷಗಟ್ಟಲೆ ಕೂಡಿಟ್ಟ ಫೋಟೊಗಳು ರಾತ್ರೋರಾತ್ರಿ ಮಾಯವಾದವು. ಹೊರಗಿನಿಂದ ಬಂದ ಒಂದು ಆಜ್ಞೆ ಪೆಟ್ಟಿಗೆಯನ್ನು ಕಾರ್ಖಾನೆಯಿಂದ ಹೊರಟ ದಿನದ ಸ್ಥಿತಿಗೆ ಒಯ್ದಿತ್ತು. ಅಂಥ ಆಜ್ಞೆ ಬಂದಾಗ ಯಜಮಾನರ ಪಾಸ್‌ವರ್ಡ್ ಕೇಳಬೇಕಿತ್ತಲ್ಲ? ಪರಿಣತರು ಒಳಗಿನ ಪ್ರೋಗ್ರಾಂ ತೆರೆದು ನೋಡಿದರು. ಪಾಸ್‌ವರ್ಡ್ ಪರೀಕ್ಷಿಸುವ ಸಾಲುಗಳು ಅಲ್ಲಿದ್ದವು. ಪ್ರತಿ ಸಾಲಿನ ಮುಂದೆ ಎರಡು ಓರೆಗೆರೆ ಎಳೆದು, ಅದನ್ನು ಕಂಪ್ಯೂಟರ್ ಓದದಂತೆ ಮಾಡಲಾಗಿತ್ತು. 2011ರಲ್ಲಿ ಪರೀಕ್ಷೆಯ ಕೆಲಸವನ್ನೆಲ್ಲ ಒಂದೇ ಕಡೆಗೆ ಸಾಗಿಸುವಾಗ ಹಳೆಯ ಸಾಲುಗಳನ್ನು ನಿಲ್ಲಿಸಿದ್ದರು, ಹೊಸ ಕಡೆ ಸೇರಿಸುವುದು ಬಿಟ್ಟುಹೋಗಿತ್ತು ಎಂದು ಕಂಪನಿ ವಿವರಿಸಿತು. ಹತ್ತು ವರ್ಷ ಆ ಬಾಗಿಲಿಗೆ ಕಾವಲೇ ಇರಲಿಲ್ಲ. ಯಜಮಾನರು ಎಷ್ಟು ಗಟ್ಟಿ ಪಾಸ್‌ವರ್ಡ್ ಇಟ್ಟಿದ್ದರೂ ಉಪಯೋಗವಿರಲಿಲ್ಲ.

ಹಾಗಾದರೆ ಮನೆಯವರು ಮಾಡಬೇಕಾದದ್ದೇನು? ಉತ್ತರದ ಬಹುಭಾಗ ಹಳೆಯದೇ. ಮೂರು ಪ್ರತಿ, ಎರಡು ಬಗೆಯ ಮಾಧ್ಯಮ, ಒಂದು ಪ್ರತಿ ಮನೆಯಿಂದಾಚೆ ಎಂಬ ಸೂತ್ರವನ್ನು ಛಾಯಾಗ್ರಾಹಕ ಪೀಟರ್ ಕ್ರೋಗ್ 2000ದ ದಶಕದಲ್ಲೇ ಬಳಕೆಗೆ ತಂದರು. ಲಾಗಿನ್ ವಿಷಯದಲ್ಲಿ ದಿಕ್ಕು ಬದಲಿಸುವ ಉಪಾಯವೂ ಆ ಕಾಲದ್ದೇ. 2001ರ ಬ್ಯಾಕಪ್‌ಪಿಸಿ ಎಂಬ ಮುಕ್ತ ತಂತ್ರಾಂಶದಲ್ಲಿ ನಿತ್ಯ ಬಳಸುವ ಕಂಪ್ಯೂಟರ್ ಫೈಲುಗಳನ್ನು ಸರ್ವರಿಗೆ ತಳ್ಳುವುದಿಲ್ಲ, ಸರ್ವರೇ ಬಂದು ಎಳೆದುಕೊಳ್ಳುತ್ತದೆ. ನಿತ್ಯದ ಕಂಪ್ಯೂಟರಿನ ಕೈಯಲ್ಲಿ ಬ್ಯಾಕಪ್‌ನ ಪಾಸ್‌ವರ್ಡೇ ಇರುವುದಿಲ್ಲ. ಅದಕ್ಕೆ ಸೋಂಕು ತಗುಲಿದರೂ ನಕಲಿನ ತನಕ ಕೈ ಚಾಚುವುದು ಕಷ್ಟ. ಇಂದು ಮನೆಗೆ ಕೊಳ್ಳುವ ಹೆಚ್ಚಿನ ಸಂಗ್ರಹ ಪೆಟ್ಟಿಗೆಗಳಲ್ಲಿ ಇಂಥ ವ್ಯವಸ್ಥೆ ಮಾಡಿಕೊಳ್ಳಬಹುದು.

ಅಷ್ಟು ದೂರ ಹೋಗಲು ಆಗದವರು ಈ ವಾರವೇ ಒಂದಷ್ಟು ಮಾಡಲಿ. ಪೆಟ್ಟಿಗೆಯಲ್ಲಾಗಲಿ ಎರಡನೇ ಕಂಪ್ಯೂಟರಿನಲ್ಲಾಗಲಿ ಬ್ಯಾಕಪ್ಪಿಗೆಂದೇ ಒಂದು ಬೇರೆ ಖಾತೆ ತೆರೆದು, ಬೇರೆಲ್ಲೂ ಬಳಸದ ಉದ್ದನೆಯ ಪಾಸ್‌ವರ್ಡ್ ಇಡಿ. ಬ್ಯಾಕಪ್ ಫೋಲ್ಡರಿಗೆ ಬರೆಯುವ ಹಕ್ಕು ಆ ಖಾತೆಗೆ ಮಾತ್ರ ಇರಲಿ. ನಿತ್ಯ ಬಳಸುವ ಖಾತೆ ಅದನ್ನು ಓದಿದರೆ ಸಾಕು. ಪಾಸ್‌ವರ್ಡನ್ನು ಬ್ಯಾಕಪ್ ತಂತ್ರಾಂಶಕ್ಕೆ ಮಾತ್ರ ಕೊಡಿ, ಫೋಲ್ಡರನ್ನು ಡ್ರೈವ್ ಅಕ್ಷರ ಕೊಟ್ಟು ಸದಾ ತೆರೆದಿಡಬೇಡಿ. ಆ ಪಾಸ್‌ವರ್ಡನ್ನು ಒಂದು ಚೀಟಿಯಲ್ಲಿ ಬರೆದು ಆಸ್ತಿಪತ್ರಗಳ ಜೊತೆ ಇಡಿ, ಮನೆಯ ಇನ್ನೊಬ್ಬರಿಗೂ ಅದು ಎಲ್ಲಿದೆಯೆಂದು ಹೇಳಿ. ಇನ್ನೊಂದು ಪ್ರತಿಯನ್ನು ಯಾವ ಜಾಲಕ್ಕೂ ಸೇರದ ಹೊರಗಿನ ಡಿಸ್ಕಿನಲ್ಲಿ ನಕಲು ಮಾಡಿ, ತಂತಿ ಕಿತ್ತು, ನಂಬಿಕಸ್ಥ ಬಂಧುಗಳ ಮನೆಯಲ್ಲಿಡಿ. ಕೊನೆಗೆ ಬ್ಯಾಕಪ್‌ನಿಂದ ಒಂದು ಫೋಟೊವನ್ನಾದರೂ ಹಿಂದಕ್ಕೆ ತಂದು ತೆರೆದು ನೋಡಿ.